ಹಾಲಿನ ಲೆಕ್ಕದ ಹಿಂದಿನ ಪುಟಗಳು

ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕವನ್ನು ಹಿಂದಿನಿಂದ ತೆರೆದರೆ ಬೇರೆಯೇ ಲೆಕ್ಕ ಸಿಗುತ್ತದೆ. ತಾರೀಖು, ಅದರೆದುರು 1.2, 1.1, 1.3 ಎಂಬ ಅಂಕಿಗಳು. 2009ರಲ್ಲಿ ಅಮ್ಮ ತನ್ನ ಒಂದು ಕಿಡ್ನಿಯನ್ನು ನನ್ನ ತಮ್ಮನಿಗೆ ಕೊಟ್ಟಳು. ಅಂದಿನಿಂದ ಅವನ ರಕ್ತದ ಕ್ರಿಯಾಟಿನಿನ್ ಬರೆದಿಡುವುದು ನನ್ನ ಕೆಲಸವಾಯಿತು. ಮೊದಮೊದಲು ವಾರಕ್ಕೆ ಎರಡು ಮೂರು ಸಲ ಪರೀಕ್ಷೆ, ಆಮೇಲೆ ವಾರಕ್ಕೊಮ್ಮೆ, ಬರಬರುತ್ತಾ ತಿಂಗಳಿಗೊಮ್ಮೆ. ಒಂದು ಪುಟ್ಟ ಅಂಕಿಗೆ ಇಡೀ ಮನೆ ಉಸಿರು ಬಿಗಿಹಿಡಿದು ಕೂರುವುದೇ? ಇದು ಹುಟ್ಟಿದ್ದೆಲ್ಲಿ ಎಂದು ಹುಡುಕುತ್ತಾ ಹೋದೆ.

ಮಾಂಸಖಂಡಗಳು ದಿನವೂ ಒಂದಿಷ್ಟು ಕಸ ಹೊರಹಾಕುತ್ತವೆ, ಅದೇ ಕ್ರಿಯಾಟಿನಿನ್. ಅದನ್ನು ಗುಡಿಸಿ ಹಾಕುವುದು ಕಿಡ್ನಿ. ಕೆಲಸದವಳು ನಾಲ್ಕು ದಿನ ಬರದಿದ್ದರೆ ಅಂಗಳ ಹೇಗೆ ಹೇಳುತ್ತದೋ ಹಾಗೆ ರಕ್ತ ಹೇಳುತ್ತದೆ. 1886ರಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗಿನಲ್ಲಿದ್ದ ಮ್ಯಾಕ್ಸ್ ಯಾಫೆ, ಕ್ಷಾರದಲ್ಲಿ ಪಿಕ್ರಿಕ್ ಆಮ್ಲ ಸೇರಿಸಿದರೆ ಕ್ರಿಯಾಟಿನಿನ್ ಕಿತ್ತಳೆಗೆಂಪು ಬಣ್ಣ ತಾಳುವುದನ್ನು ಕಂಡ. ರೇಷ್ಮೆಗೆ ಹಳದಿ ಬಣ್ಣ ಕಟ್ಟಲು ಬಳಸುತ್ತಿದ್ದ ಆಮ್ಲವೇ ಅದು! 1904ರಲ್ಲಿ ಅಮೆರಿಕದ ಆಟೋ ಫೋಲಿನ್ ಆ ಬಣ್ಣದ ಗಾಢತೆಯನ್ನು ಅಳೆದು ಲೆಕ್ಕ ಹಾಕುವ ವಿಧಾನ ಮಾಡಿದ. ಇಂದಿಗೂ ಎಷ್ಟೋ ಲ್ಯಾಬುಗಳಲ್ಲಿ ನಡೆಯುವುದು ಯಾಫೆಯ ಪರೀಕ್ಷೆಯೇ.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾಕ್ಟರ್ ಜೋಸೆಫ್ ಮರ್ರೆ, ರೊನಾಲ್ಡ್ ಹೆರಿಕ್‌ನ ಕಿಡ್ನಿಯನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಜೋಡಿಸಿದರು. ರಿಚರ್ಡ್ ಚೇತರಿಸಿಕೊಂಡು, ತನ್ನ ಶುಶ್ರೂಷೆ ಮಾಡಿದ ನರ್ಸನ್ನೇ ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, 1963ರವರೆಗೆ ಬದುಕಿದ. ಅವರದು ತದ್ರೂಪಿ ಅವಳಿ ದೇಹ, ಪರಕೀಯ ಎಂಬ ಜಗಳವಿಲ್ಲ. ನಮ್ಮಂಥವರಿಗೆ, ತಾಯಿ ಮಗನಿಗೂ, ಜಗಳ ತಪ್ಪದು. ಅದನ್ನು ಅಡಗಿಸಲು ಔಷಧ ಬೇಕು. ನಾರ್ವೆಯ ಮಣ್ಣಿನ ಬೂಷ್ಟಿನಿಂದ ಬಂದ ಸೈಕ್ಲೋಸ್ಪೋರಿನ್ ಅನ್ನು 1978ರಲ್ಲಿ ರಾಯ್ ಕಾಲ್ನ್ ಕೇಂಬ್ರಿಜ್‌ನಲ್ಲಿ ರೋಗಿಗಳಿಗೆ ಕೊಟ್ಟರು. 1984ರಲ್ಲಿ ಜಪಾನಿನ ಮಣ್ಣಿನಲ್ಲಿ ಟ್ಯಾಕ್ರೊಲಿಮಸ್ ಸಿಕ್ಕಿತು.

ತೊಡಕು ಶುರುವಾದದ್ದು ಇಲ್ಲೇ. ಕಿಡ್ನಿಯನ್ನು ಕಾಯುವ ಈ ಔಷಧ ಹೆಚ್ಚಾದರೆ ಕಿಡ್ನಿಯ ರಕ್ತನಾಳಗಳನ್ನೇ ಬಿಗಿಯುತ್ತದೆ. ಕ್ರಿಯಾಟಿನಿನ್ ಏರಿದರೆ ಔಷಧ ಕಡಿಮೆಯಾಗಿ ದೇಹ ತಿರುಗಿಬಿದ್ದಿದೆಯೋ, ಔಷಧ ಹೆಚ್ಚಾಗಿ ವಿಷವಾಗಿದೆಯೋ? ಒಂದಕ್ಕೆ ಮಾತ್ರೆ ಹೆಚ್ಚಿಸಬೇಕು, ಇನ್ನೊಂದಕ್ಕೆ ಇಳಿಸಬೇಕು. ಅದಕ್ಕೇ ಔಷಧದ ಮಟ್ಟವನ್ನೂ ನೋಡುವುದು. ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ನನ್ನ ತಮ್ಮ ಮಾತ್ರೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಲ್ಯಾಬಿಗೆ ಹೋಗುತ್ತಿದ್ದ.

ಐದನೆಯ ತಿಂಗಳು 1.2 ಇದ್ದದ್ದು 1.7 ಆಯಿತು. ಅಮ್ಮ ಏನೂ ಅನ್ನದೆ ದೇವರ ಮನೆಗೆ ಹೋಗಿ ಕೂತಳು. ತಾನು ಕೊಟ್ಟದ್ದು ವ್ಯರ್ಥವಾಯಿತೆಂದು ಅವಳಿಗೆ ಅನ್ನಿಸಿರಬೇಕು. ಬಯಾಪ್ಸಿಯ ಮಾತೂ ಬಂತು. ಅಷ್ಟರಲ್ಲಿ ಔಷಧದ ಮಟ್ಟದ ವರದಿ ಬಂತು. ಎಂಟರ ಆಸುಪಾಸು ಇರಬೇಕಾದದ್ದು ಹದಿನೇಳು!

"ಹೊಸದಾಗಿ ಏನಾದರೂ ತಿಂದಿರಾ?" ಡಾಕ್ಟರು ಕೇಳಿದರು.

"ಚಿಕ್ಕಮ್ಮ ಊರಿಂದ ಚಕ್ಕೋತ ಕಳಿಸಿದ್ದರು. ದಿನಾ ರಾತ್ರಿ ನಾಲ್ಕು ತೊಳೆ..." ಎಂದ ತಮ್ಮ.

ಚಕ್ಕೋತದ ಜಾತಿಯ ಕೆಲವು ಹಣ್ಣುಗಳು ಕರುಳಿನಲ್ಲಿ ಈ ಔಷಧ ಒಡೆಯದಂತೆ ತಡೆಯುತ್ತವಂತೆ, ಹಾಗಾಗಿ ಅದೇ ಮಾತ್ರೆ ಎರಡರಷ್ಟಾಗಿ ರಕ್ತ ಸೇರುತ್ತದೆ. ಹಣ್ಣು ನಿಲ್ಲಿಸಿದೆವು, ಮಾತ್ರೆಯನ್ನೂ ಕೆಲ ದಿನ ಇಳಿಸಿದರು. ಎರಡು ವಾರಕ್ಕೆ 1.3. ಚಿಕ್ಕಮ್ಮ ಮಾತ್ರ ತಿಂಗಳುಗಟ್ಟಲೆ ಅತ್ತರು. ಅವರ ತಪ್ಪೇನು? ನಮಗೇ ಗೊತ್ತಿರಲಿಲ್ಲ.

ಆ ಗಡಿಬಿಡಿಯಲ್ಲಿ ಡಾಕ್ಟರು ಇನ್ನೊಂದು ಮಾತು ಕೇಳಿದ್ದರು: "ತಾಯಿಯವರ ಕ್ರಿಯಾಟಿನಿನ್ ಎಷ್ಟಿದೆ?" ನಾನು ತಬ್ಬಿಬ್ಬಾದೆ. ಕಿಡ್ನಿ ಕೊಡುವವರು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ, ತಾಯಿಯೋ ಹೆಂಡತಿಯೋ. ಒಂದೇ ಕಿಡ್ನಿಯಲ್ಲಿ ಉಳಿದ ಅವರಿಗೂ ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು. ನನ್ನ ಪುಸ್ತಕದಲ್ಲಿ ಅಮ್ಮನ ಹೆಸರಿನ ಪುಟವೇ ಇರಲಿಲ್ಲ.

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ" ಎಂದು ಗೊಣಗುತ್ತಲೇ ಅಮ್ಮ ಮರುದಿನ ಲ್ಯಾಬಿಗೆ ಬಂದಳು. ಬಂದ ಅಂಕಿ 1.0. ತಮ್ಮನ ಪುಟದ ಎದುರಿಗೇ ಗೆರೆ ಎಳೆದು ಬರೆದುಕೊಂಡೆ.