‘ಶಬ್ದವೇಧಿ’ಯ ಗೀತಗಳು: ಒಂದು ಪುನರ್ವಿಮರ್ಶೆ

ಕೃತಿಗಳಿಗೂ ಮನುಷ್ಯರಂತೆಯೇ ಗ್ರಹಚಾರವುಂಟು. ನಮ್ಮ ಯಳಂದೂರಿನಲ್ಲಿ ಬಾಳಿದ ಷಡಕ್ಷರದೇವನು ‘ರಾಜಶೇಖರವಿಲಾಸ’, ‘ವೃಷಭೇಂದ್ರವಿಜಯ’, ‘ಶಬರಶಂಕರವಿಲಾಸ’ ಎಂಬ ಮೂರು ಕನ್ನಡ ಚಂಪೂಕಾವ್ಯಗಳನ್ನು ರಚಿಸಿದನು. ಮೊದಲನೆಯದನ್ನು ಪಂಡಿತರು ತಲೆಯಮೇಲೆ ಹೊತ್ತು ಮೆರೆಸಿದರು. ಎರಡನೆಯದು ಭಕ್ತರ ಗೌರವದಿಂದ ಉಳಿಯಿತು. ಮೂರನೆಯದರ ಹೆಸರನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೇ ಹೊರತು ಗ್ರಂಥವನ್ನು ಬಿಡಿಸಿ ನೋಡಿದವರು ವಿರಳ. ಒಬ್ಬನೇ ಕರ್ತೃವಿನ ಕೃತಿಗಳಲ್ಲಿ ಒಂದಕ್ಕೆ ಮಣೆ, ಮತ್ತೊಂದಕ್ಕೆ ಮೂಲೆ! ಮೂಲೆ ಸೇರಿದುದನ್ನು ಯಾರಾದರೂ ಸಹೃದಯರು ಕಾಲಾಂತರದಲ್ಲಿ ಹೊರಗೆ ತಂದು, ದೂಳು ಕೊಡವಿ, ಇದನ್ನೇಕೆ ಬಿಟ್ಟೆವೆಂದು ಕೇಳುವುದುಂಟು. ತನ್ನ ಸಮಾನಧರ್ಮನು ಮುಂದೆಂದಾದರೂ ಹುಟ್ಟಿಯಾನೆಂದು ಭವಭೂತಿಯು ಸಮಾಧಾನ ಪಟ್ಟುಕೊಂಡುದು ಇದನ್ನೇ ನೆಚ್ಚಿ.

ಪ್ರಕೃತ ಲೇಖನದ ವಿಷಯವು ಚಂಪೂಕಾವ್ಯವಲ್ಲ, ಚಲನಚಿತ್ರದ ಹಾಡುಗಳು. ಷಡಕ್ಷರಿಯ ಹೆಸರಿನೊಡನೆ ಇವನ್ನು ಎತ್ತುವುದೇ ಅಪಚಾರವೆಂದು ಕೆಲವು ಮಿತ್ರರು ಹುಬ್ಬು ಗಂಟಿಕ್ಕಬಹುದು. ಆದರೆ ಅವರ ಮನೆಗಳಲ್ಲಿಯೂ ಈ ಹಾಡುಗಳು ಮೊಳಗಿದುವು. ಅವರ ಮಕ್ಕಳು ಇವನ್ನು ಗುನುಗಿಕೊಂಡೇ ದೊಡ್ಡವರಾದರು. ಒಂದು ಸೀಮೆಯ ಜನ ಇಪ್ಪತ್ತೈದು ವರ್ಷ ಕೇಳಿದುದು, ಕೇಳದೆ ಬಿಟ್ಟುದು, ಮರಳಿ ಕೇಳತೊಡಗಿದುದು ಆ ಸೀಮೆಯ ಚರಿತ್ರೆಗೆ ಸೇರಿದ ವಿಷಯವೇ ಸರಿ.

೨೦೦೦ನೆಯ ಇಸವಿಯಲ್ಲಿ ‘ಶಬ್ದವೇಧಿ’ ಎಂಬ ಚಿತ್ರವು ತೆರೆಗೆ ಬಂದಿತು. ನಿರ್ದೇಶಕರು ಎಸ್. ನಾರಾಯಣ್, ಸಂಗೀತ ಹಂಸಲೇಖರದು, ನಾಯಕರು ಡಾ. ರಾಜಕುಮಾರ್, ನಾಯಿಕೆ ಜಯಪ್ರದಾ. ಮಾದಕದ್ರವ್ಯದ ಪಿಡುಗನ್ನು ಎದುರಿಸುವ ಪೊಲೀಸು ಅಧಿಕಾರಿಯೊಬ್ಬನ ಕಥೆಯದು. ೧೯೯೪ರ ‘ಒಡಹುಟ್ಟಿದವರು’ ಚಿತ್ರದ ಬಳಿಕ ಐದಾರು ವರ್ಷ ಬಣ್ಣ ಹಚ್ಚದೆ ಇದ್ದ ನಟರು, ಎಪ್ಪತ್ತರ ಹೊಸ್ತಿಲಲ್ಲಿ ಮರಳಿ ಬಂದು ಅಭಿನಯಿಸಿ ಹಾಡಿದ ಚಿತ್ರವಿದು. ನಾಯಕರಾಗಿ ಅವರು ಕಾಣಿಸಿಕೊಂಡ ಕಡೆಯ ಚಿತ್ರವೂ ಇದೇ ಆಯಿತು. ಆದರೂ ಅವರ ಹಾಡುಗಳ ಪಟ್ಟಿ ಹಾಕುವವರು ‘ಸಂಪತ್ತಿಗೆ ಸವಾಲ್’ ಎನ್ನುವರು, ‘ಜೀವನಚೈತ್ರ’ ಎನ್ನುವರು, ‘ಆಕಸ್ಮಿಕ’ ಎನ್ನುವರು. ‘ಶಬ್ದವೇಧಿ’ಗೆ ಬರುವಷ್ಟರಲ್ಲಿ ಕಾಗದವೂ ಉತ್ಸಾಹವೂ ಮುಗಿದಿರುವುವು. ಈಚೆಗೆ ನಮ್ಮ ಕಡೆಯ ಅಭಿಮಾನಿಗಳಲ್ಲಿ ಕೆಲವರು ಈ ಅಲಕ್ಷ್ಯವು ಅನ್ಯಾಯವೆಂದು ವಾದಿಸತೊಡಗಿರುವರು. ಅವರ ವಾದದಲ್ಲಿ ಹುರುಳೆಷ್ಟು, ಅಭಿಮಾನವೆಷ್ಟು ಎಂಬುದನ್ನು ವಿಂಗಡಿಸುವುದೇ ನನ್ನ ಉದ್ದೇಶ.

ಕಂಠದ ಮೂಲವನ್ನು ತಿಳಿಯಬೇಕಾದರೆ ನೆಲದ ಮೂಲವನ್ನು ಮೊದಲು ತಿಳಿಯಬೇಕು. ರಾಜಕುಮಾರರ ಮೊದಲ ಹೆಸರು ಮುತ್ತುರಾಜು. ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಮುಂದೆ ನಿಂತಿರುವ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯ ಊರು. ಮಗನು ಹುಟ್ಟಿದುದು ೧೯೨೯ನೆಯ ಏಪ್ರಿಲ್ ೨೪ರಂದು, ತಾಳವಾಡಿಯ ಬಳಿಯ ಗಾಜನೂರಿನಲ್ಲಿ. ಆಗ ಕೊಳ್ಳೇಗಾಲವೂ ಗಾಜನೂರೂ ಒಂದೇ ಕೊಯಮತ್ತೂರು ಜಿಲ್ಲೆಗೆ, ಒಂದೇ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ೧೯೫೬ನೆಯ ನವೆಂಬರ್ ೧ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ಗಾಜನೂರು ಆಚೆಯೇ ಉಳಿಯಿತು. ಹೀಗೆ ಕನ್ನಡಿಗರೆಲ್ಲರೂ ತಮ್ಮವನೆಂದು ಕರೆದ ನಟನ ಹುಟ್ಟೂರು ಗಡಿಯಿಂದಾಚೆ, ಮನೆತನದ ಊರು ಗಡಿಯಿಂದೀಚೆ.

ಪುಟ್ಟಸ್ವಾಮಯ್ಯನವರು ನಾಟಕದ ನಟರು. ಮಗನೂ ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದನು. ಕಂಪೆನಿ ನಾಟಕದ ನಟನಿಗೆ ಹಾಡುವುದೂ ಆಡುವುದೂ ಬೇರೆ ವಿದ್ಯೆಗಳಲ್ಲ. ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಅಕ್ಷರ ಅಕ್ಷರವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಅವನೇ ಎದ್ದುನಿಂತು ಹೇಳುತ್ತಿದ್ದನು. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗದಲ್ಲಿ ನಾಯಕರಾದ ಮೇಲೆ ಇಪ್ಪತ್ತು ವರ್ಷ ಇವರ ತುಟಿಗೆ ಪಿ. ಬಿ. ಶ್ರೀನಿವಾಸರು ಕಂಠವಿತ್ತರು. ನಡುವೆ ‘ಓಹಿಲೇಶ್ವರ’, ‘ಮಹಿಷಾಸುರಮರ್ದಿನಿ’ಗಳಲ್ಲಿ ಇವರೇ ಹಾಡಿದ್ದರೂ ಅದು ಅಪರೂಪ. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡಿದುದೇ ಮೊದಲು, ಜನರು ಆ ಕಂಠವನ್ನು ಬಿಡಲಿಲ್ಲ. ‘ಜೀವನಚೈತ್ರ’ದ ಗೀತಕ್ಕೆ ೧೯೯೨ರ ರಾಷ್ಟ್ರಪ್ರಶಸ್ತಿ ಬಂದಿತು. ೧೯೯೩ರ ‘ಆಕಸ್ಮಿಕ’ದ ಹಾಡುಗಳನ್ನು ಹಂಸಲೇಖರು ಕೂಡಿಸಿದರು, ಅದರಲ್ಲಿಯ ಕನ್ನಡ ನಾಡಿನ ಹಾಡು ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ನಾಡಗೀತೆಯಷ್ಟೇ ರೂಢವಾಗಿ ಹೋಯಿತು. ಇಂಥ ಎರಡು ಶಿಖರಗಳ ಬೆನ್ನಿಗೆ ಬಂದ ಕೃತಿಯು ಎಷ್ಟು ಎತ್ತರವಿದ್ದರೂ ತಗ್ಗಿನಂತೆಯೇ ಕಾಣುವುದು. ‘ಶಬ್ದವೇಧಿ’ಯ ಮೊದಲನೆಯ ದುರ್ದೈವವಿದು.

ಎರಡನೆಯದು ನಮ್ಮ ಬೆಟ್ಟಗಳಿಂದಲೇ ಬಂದಿತು. ಅದೇ ವರ್ಷದ ಜುಲೈ ೩೦ರ ರಾತ್ರಿ, ಗಾಜನೂರಿನ ಮನೆಯಲ್ಲಿದ್ದ ರಾಜಕುಮಾರರನ್ನು ವೀರಪ್ಪನ್ ಕಾಡಿಗೆ ಒಯ್ದನು. ನವೆಂಬರ್ ೧೫ರಂದು ಬಿಡುಗಡೆಯಾಗುವ ಪರ್ಯಂತ ನೂರೆಂಟು ದಿವಸ. ಬೆಂಗಳೂರಿನಲ್ಲಿ ಅಂಗಡಿ ಶಾಲೆಗಳಿಗೆ ಬಾಗಿಲು ಬಿದ್ದಿತು, ಚಿತ್ರಮಂದಿರಗಳು ಕತ್ತಲಾದುವು. ಆದರೆ ಬೆಂಗಳೂರಿಗೆ ಅದು ಪತ್ರಿಕೆಯ ಸುದ್ದಿ. ಕೊಳ್ಳೇಗಾಲ ಹನೂರುಗಳಿಗೆ ಮನೆಯ ಹಿತ್ತಿಲಿನ ಸಂಗತಿ. ಆ ದಂತಚೋರನ ಗೋಪಿನಾಥಂ ನಮ್ಮ ತಾಲ್ಲೂಕಿನದೇ ಊರು (ಹನೂರು ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ). ೧೯೯೨ರ ಆಗಸ್ಟ್‌ನಲ್ಲಿ ಎಸ್.ಪಿ. ಹರಿಕೃಷ್ಣರೂ ಸಬ್ ಇನ್‌ಸ್ಪೆಕ್ಟರ್ ಷಕೀಲ್ ಅಹಮದರೂ ಹತರಾದ ಮೀಣ್ಯವು ನಮ್ಮದು. ಅವನಿಗೆ ನೆರವಾದರೆಂಬ ಆರೋಪದ ಮೇಲೆ ಟಾಡಾ ಕಾಯಿದೆಯಂತೆ ಹಿಡಿಯಲ್ಪಟ್ಟು, ಮೈಸೂರಿನ ಕಾರಾಗೃಹದಲ್ಲಿ ವರ್ಷಗಟ್ಟಲೆ ವಿಚಾರಣೆಯನ್ನು ಕಾಯುತ್ತಿದ್ದವರಲ್ಲಿ ಈ ಬೆಟ್ಟದ ಹಳ್ಳಿಗಳ ಹೆಂಗಸರೂ ಗಂಡಸರೂ ಇದ್ದರು.

ಆ ಬಂದಿಗಳನ್ನು ಬಿಡಬೇಕೆಂಬುದು ಅಪಹಾರಕನ ಬೇಡಿಕೆಗಳಲ್ಲೊಂದು. ಸರಕಾರವು ಮೊಕದ್ದಮೆಗಳನ್ನು ಹಿಂತೆಗೆಯಲು ಒಪ್ಪಿತು. ಹತರಾದ ಷಕೀಲ್ ಅಹಮದರ ತಂದೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯವು ನವೆಂಬರಿನ ಮೊದಲ ವಾರದಲ್ಲಿ ಆ ಬಿಡುಗಡೆಗೆ ಸಮ್ಮತಿಸಲಿಲ್ಲ. ಮಗನನ್ನು ಕಳೆದುಕೊಂಡ ಆ ತಂದೆಯ ಪಕ್ಷದಲ್ಲಿ ನ್ಯಾಯವಿರಲಿಲ್ಲವೆಂದು ಯಾರು ಹೇಳಬಲ್ಲರು? ೨೦೦೧ರಲ್ಲಿ ವಿಶೇಷ ನ್ಯಾಯಾಲಯವು ತೀರ್ಪಿತ್ತಾಗ ಆ ಬಂದಿಗಳಲ್ಲಿ ಬಹುಮಂದಿ ನಿರ್ದೋಷಿಗಳೆಂದು ಹೊರಬಂದರು; ಅವರ ಪಕ್ಷದಲ್ಲಿಯೂ ನ್ಯಾಯವಿರಲಿಲ್ಲವೆಂದು ಯಾರು ಹೇಳಬಲ್ಲರು? ಇವೆರಡರ ನಡುವೆ, ಒಬ್ಬ ಮುದುಕ ಗಾಯಕನ ಪ್ರಾಣವನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು.

‘ಶಬ್ದವೇಧಿ’ಯ ಹಾಡುಗಳಲ್ಲಿ ಮುಖ್ಯವಾದುದು ‘ಜನರಿಂದ ನಾನು ಮೇಲೆ ಬಂದೆ’ ಎಂಬುದು. ತನ್ನ ಏಳಿಗೆಗೆ ತಾನು ಕಾರಣನಲ್ಲ, ಜನರು ಎತ್ತಿದುದರಿಂದ ಮೇಲೆ ಬಂದವನು ಎಂಬುದೇ ಅದರ ಭಾವ. ಅಭಿಮಾನಿಗಳನ್ನು ದೇವರೆಂದು ಕರೆದ ನಟನ ಬಾಯಲ್ಲಿ ಈ ಹಾಡನ್ನು ಚಿತ್ರವು ಬಂದ ಹೊಸತರಲ್ಲಿ ಕೇಳಿದವರಿಗೆ ಅದು ವಾಡಿಕೆಯ ವಿನಯವೆಂದು ತೋರಿತು. ಆಗಸ್ಟ್ ತಿಂಗಳಲ್ಲಿ ಕೇಳಿದವರಿಗೆ ಹಾಗೆ ತೋರುವುದು ಶಕ್ಯವಿರಲಿಲ್ಲ. ಜನರಿಂದ ಮೇಲೆ ಬಂದವನು ಕಾಡಿನಲ್ಲಿ. ಅವನಿಗೆ ಬದಲಾಗಿ ಕೇಳಲ್ಪಟ್ಟ ಜನರು ಸೆರೆಯಲ್ಲಿ. ನಮ್ಮ ಬೀದಿಯಲ್ಲಿ ಆ ಕ್ಯಾಸೆಟ್ಟನ್ನು ಹಾಕಿದವರು ಎರಡನೆಯ ಚರಣಕ್ಕೇ ನಿಲ್ಲಿಸಿದುದನ್ನು ನಾನು ಬಲ್ಲೆ. ಹಾಡನ್ನು ಹಾಡಾಗಿ ಕೇಳುವ ಕಿವಿಯೇ ಆ ನೂರೆಂಟು ದಿವಸಗಳಲ್ಲಿ ಕೆಟ್ಟುಹೋಯಿತು. ಬಿಡುಗಡೆಯಾದ ಮೇಲಾದರೂ ಸರಿಹೋಯಿತೆ? ೨೦೦೨ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯಿಂದ ಒಯ್ದರು. ಡಿಸೆಂಬರಿನಲ್ಲಿ ಅವರ ಶವವು ದೊರೆಯಿತು. ೨೦೦೪ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾಗುವವರೆಗೂ ಸಂಜೆಯಾದ ಮೇಲೆ ಬೆಟ್ಟದ ದಾರಿ ಹಿಡಿಯಲು ಎಲ್ಲರಿಗೂ ಅಂಜಿಕೆ. ರಾಜಕುಮಾರರು ೨೦೦೬ನೆಯ ಏಪ್ರಿಲ್ ೧೨ರಂದು ತೀರಿಕೊಂಡರು. ಶೋಕದಲ್ಲಿ ಜನರು ಹಳೆಯ ಪ್ರಿಯವಾದ ಹಾಡುಗಳಿಗೆ ಮರಳಿದರೇ ಹೊರತು ಈ ಕಡೆಯದನ್ನು ಹುಡುಕಲಿಲ್ಲ.

ಇನ್ನು ಗುಣದೋಷ ವಿಚಾರ. ಅಂದು ಕೇಳಿಬಂದ ಆಕ್ಷೇಪಣೆಯು ಕಂಠದ ವಯಸ್ಸನ್ನು ಕುರಿತುದು: ತಾರಸ್ಥಾಯಿಯಲ್ಲಿ ಮೊದಲಿನ ಸಲೀಸಿಲ್ಲ, ಉಸಿರು ನಡುವೆ ನಿಲ್ಲುವುದು, ಎಂದು. ಈಗಿನ ಅಭಿಮಾನಿಗಳು ಇದೇ ಅದರ ಗುಣವೆನ್ನುವರು. ಎಪ್ಪತ್ತು ವರ್ಷದವನು ಕೃತಜ್ಞತೆಯನ್ನು ಹಾಡುವಾಗ ಎಪ್ಪತ್ತು ವರ್ಷದ ಕಂಠವೇ ತಕ್ಕುದೆಂದು ಅವರ ವಾದ. ಮುಖ್ಯವಾದ ಆ ಒಂದು ಹಾಡಿನ ಮಟ್ಟಿಗೆ ಅವರ ಮಾತು ಯಥಾರ್ಥ. ಅಲ್ಲಿ ಧ್ವನಿಯು ಮೆರೆಯಲೆಳಸುವುದಿಲ್ಲ. ಮಾತಿಗೂ ಹಾಡಿಗೂ ನಡುವಣ ಒಂದು ಮಟ್ಟದಲ್ಲಿ, ಹಿರಿಯನೊಬ್ಬನು ಜಗಲಿಯ ಮೇಲೆ ಕುಳಿತು ಹೇಳಿದಂತೆ ನಡೆಯುವುದು. ಯೌವನದಲ್ಲಿ ಅದನ್ನೇ ಹಾಡಿದ್ದರೆ ಜಂಬವೆನಿಸುತ್ತಿದ್ದಿತು.

ಅಭಿಮಾನಿಗಳು ಹೇಳದ ಇನ್ನೊಂದು ಗುಣವನ್ನು ಪಾಠಶಾಲೆಯಲ್ಲಿ ಓದಿದ ನನ್ನಂಥವನೇ ಹೇಳಬೇಕಾಗಿದೆ. ಪಾಣಿನೀಯ ಶಿಕ್ಷೆಯಲ್ಲಿ ಉಚ್ಚಾರಣೆಗೆ ಕೊಟ್ಟಿರುವ ಉಪಮಾನವು ಹುಲಿಯದು: ಹೆಣ್ಣುಹುಲಿಯು ಮರಿಯನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ, ಬಿದ್ದೀತೆಂದು ಸಡಿಲಿಸದೆಯೂ ನೊಂದೀತೆಂದು ಬಿಗಿಯದೆಯೂ ನಡೆಯುವಂತೆ ಅಕ್ಷರವನ್ನು ನುಡಿಯಬೇಕು ಎಂದು. ಮಹಾಪ್ರಾಣವನ್ನು ನುಂಗದೆ, ಳಕಾರವನ್ನು ಲಕಾರಕ್ಕೆ ಒಪ್ಪಿಸದೆ, ಅರ್ಥವಿದ್ದಲ್ಲಿ ಪದವನ್ನು ಬಿಡಿಸಿ ಹಾಡುವವರು ಚಲನಚಿತ್ರದಲ್ಲಿ ಎಷ್ಟು ಮಂದಿ? ಶಾಲೆಯನ್ನು ಬಾಲ್ಯದಲ್ಲಿಯೇ ಬಿಟ್ಟ ಈ ಕಂಪೆನಿಯ ಹುಡುಗನು ಕಡೆಯ ಚಿತ್ರದವರೆಗೂ ಅಕ್ಷರವನ್ನು ಆ ಹುಲಿಯಂತೆಯೇ ಕಚ್ಚಿ ಹಿಡಿದಿದ್ದನು. ಮೂವತ್ತು ವರ್ಷ ಹುಡುಗರ ಉಚ್ಚಾರಣೆಯನ್ನು ತಿದ್ದಿ ಸೋತವನಿಗೆ ಇದರ ಬೆಲೆ ಗೊತ್ತು. (ಅದೇ ಶಿಕ್ಷೆಯಲ್ಲಿ ರಾಗವೆಳೆದು ಓದುವವನನ್ನೂ ತಲೆಯಾಡಿಸುತ್ತ ಓದುವವನನ್ನೂ ಅಧಮ ಪಾಠಕರ ಸಾಲಿಗೆ ಸೇರಿಸಿದೆ, ಸಭೆಗಳಲ್ಲಿ ಕವಿತೆ ಓದುವ ನಮ್ಮ ಮಿತ್ರರು ಅದನ್ನೊಮ್ಮೆ ನೋಡಬೇಕು.)

ಆದರೆ ಇಡೀ ಗೀತಗುಚ್ಛವೇ ಅನರ್ಘ್ಯವೆಂಬ ಮಾತನ್ನು ನಾನು ಒಪ್ಪಲಾರೆ. ‘ಪ್ರೇಮ ಕಾಶ್ಮೀರ’ ಮೊದಲಾದ ಪ್ರಣಯಗೀತವನ್ನು ಕೇಳುವಾಗ ಕ್ಷೇಮೇಂದ್ರನ ಔಚಿತ್ಯವಿಚಾರವು ನೆನಪಿಗೆ ಬರುವುದು: ಹಾರವು ಕೊರಳಿಗೇ ಇರಬೇಕು, ನಡುಪಟ್ಟಿಯು ನಡುವಿಗೇ. ಒಂದು ಹಾಡಿಗೆ ಭೂಷಣವಾದ ವಯಸ್ಸು ಇನ್ನೊಂದಕ್ಕೆ ಭಾರ. ಹಂಸಲೇಖರು ಸಾಮಾನ್ಯರಲ್ಲ, ೧೯೮೭ರ ‘ಪ್ರೇಮಲೋಕ’ದಿಂದ ಕನ್ನಡದ ಹಾಡಿನ ಗತಿಯನ್ನೇ ತಿರುಗಿಸಿದವರು. ಆದರೆ ಆ ಹರೆಯದ ಗತಿಗೆ ಹಿರಿಯ ಗಾಯಕನನ್ನು ಕೂಡಿಸಲು ಹೋದಲ್ಲಿ ತಾಳವು ಮುಂದೆ ಓಡುವುದು, ಗಾಯಕನು ಗೌರವದಿಂದ ಹಿಂದೆ ಬರುವನು. ಇದನ್ನು ಹೇಳಿದುದಕ್ಕೆ ಅಂಗಡಿಯ ಬೀದಿಯಲ್ಲಿ ಒಬ್ಬ ತರುಣನು ನನ್ನೊಡನೆ ಅರ್ಧ ಗಂಟೆ ಜಗಳವಾಡಿದನು. ‘ಮೇಷ್ಟ್ರೇ, ನಿಮಗೆ ಪ್ರೇಮದ ಹಾಡು ಯಾಕೆ ಬಿಡಿ’ ಎಂದು ಮುಗಿಸಿದನು. ಸಂತೋಷ. ಷಡಕ್ಷರಿಯ ಮೂರನೆಯ ಕಾವ್ಯಕ್ಕಾಗಿ ಯಾರೂ ಇಷ್ಟು ಹೊತ್ತು ಬೀದಿಯಲ್ಲಿ ನಿಂತುದಿಲ್ಲ.

ಚಿತ್ರದ ಹೆಸರನ್ನೂ ಇಲ್ಲಿಯೇ ವಿಚಾರಿಸಬಹುದು. ಕಣ್ಣಿಗೆ ಕಾಣದ ಗುರಿಯನ್ನು ಶಬ್ದಮಾತ್ರದಿಂದ ಭೇದಿಸುವವನು ಶಬ್ದವೇಧಿ. ದಶರಥನು ಸರಯೂತೀರದಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ತಿಳಿದು ಬಾಣ ಬಿಟ್ಟು ಮುನಿಕುಮಾರನನ್ನು ಕೊಂದನು. ಮುಪ್ಪಿನಲ್ಲಿ ಕೌಸಲ್ಯೆಯ ಮುಂದೆ ಅದನ್ನು ಹೇಳಿಕೊಂಡು ಅತ್ತನು. ಆ ವರ್ಷ ನಾವು ಈ ಹಾಡುಗಳ ವಿಷಯದಲ್ಲಿ ಮಾಡಿದುದೂ ಅಂಥದೇ ಬಾಣಪ್ರಯೋಗವೆಂದು ಅಭಿಮಾನಿಗಳು ಚಮತ್ಕಾರವಾಗಿ ಹೇಳುವರು. ಉಪಮೆ ಸ್ವಲ್ಪ ದೊಡ್ಡದಾಯಿತು, ಆದರೂ ಮೆಚ್ಚಿದೆ.

ಈ ಮರುವಿಚಾರಣೆಯು ಈಗಲೇ ಏಕೆ ಮೊದಲಾಯಿತು? ೨೦೨೧ನೆಯ ಅಕ್ಟೋಬರ್ ೨೯ರಂದು ಕಿರಿಯ ಮಗ ಪುನೀತ್ ರಾಜಕುಮಾರ್ ಅಕಾಲದಲ್ಲಿ ತೀರಿಹೋದಾಗ ಮನೆಮನೆಗಳಲ್ಲಿ ತಂದೆಯ ಹಾಡುಗಳೂ ಮತ್ತೆ ಎದ್ದುವು. ಜನರಿಂದ ಮೇಲೆ ಬಂದೆನೆಂಬ ಮಾತು ಆಗ ಮಗನಿಗೂ ಸೇರಿ ಕೇಳಿಸಿತು. ಅದಕ್ಕಿಂತ ಬಲವಾದ ಕಾರಣವು ನನಗೆ ತೋರುವುದು ಬೇರೆ. ಈಗ ಈ ಹಾಡನ್ನು ಹೊಗಳುತ್ತಿರುವವರಲ್ಲಿ ಹೆಚ್ಚಿನವರು ೨೦೦೦ದಲ್ಲಿ ತೊಟ್ಟಿಲಲ್ಲಿದ್ದವರು, ಇಲ್ಲವೆ ಹುಟ್ಟಿಯೇ ಇರದವರು. ಬೆಟ್ಟದ ದಾರಿಯಲ್ಲಿ ರಾತ್ರಿಯ ಬಸ್ಸು ಹತ್ತಿ ಮಾದಪ್ಪನ ಸನ್ನಿಧಿಗೆ ಹೋಗಿಬರುವ ಈ ಮಕ್ಕಳಿಗೆ ನೂರೆಂಟು ದಿವಸದ ಭಯವು ಕೇಳಿದ ಕಥೆ. ಕಿವಿಗಿಟ್ಟ ಯಂತ್ರದಲ್ಲಿ ಅವರು ಕೇಳುವುದು ಹಾಡನ್ನು ಮಾತ್ರ. ನಾವು ಕೇಳುವಾಗ ಅದರ ಹಿಂದೆ ಮೀಣ್ಯದ ತಿರುವು, ಮೈಸೂರಿನ ಸೆರೆಮನೆ, ಕಾಮಗೆರೆಯ ಮನೆ ಎಲ್ಲವೂ ಸೇರಿ ಬರುವುವು. ಯಾರ ಕೇಳುವಿಕೆ ಪೂರ್ಣವಾದುದೆಂಬುದನ್ನು ನಾನು ನಿರ್ಣಯಿಸಲಾರೆ. ಆ ಸೆರೆಯಿಂದ ನಿರ್ದೋಷಿಯಾಗಿ ಹೊರಬಂದ ಒಬ್ಬಾಕೆಗೆ ಈ ಹಾಡು ಹೇಗೆ ಕೇಳಿಸುವುದೆಂಬುದನ್ನಂತೂ ಯಾವ ಅಭಿಮಾನಿಯೂ ಇನ್ನೂ ಹೋಗಿ ವಿಚಾರಿಸಿಲ್ಲ, ವಿಚಾರಿಸಬೇಕಾಗಿತ್ತು.

ತರುಣರು ಈ ಹಾಡುಗಳ ಸಾಹಿತ್ಯವನ್ನು ಹಕ್ಕುಳ್ಳವರ ಅನುಮತಿ ಪಡೆದು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸುವ ಮಾತಾಡುತ್ತಿರುವರು. ಅವರು ಬರೆದು ತಂದ ಎರಡು ಹಾಳೆಗಳನ್ನು ನೋಡಿದೆ. ಗಾಯಕನು ಅಷ್ಟು ಜೋಪಾನವಾಗಿ ನುಡಿದ ಮಹಾಪ್ರಾಣಗಳಲ್ಲಿ ಅರ್ಧದಷ್ಟು ಬರವಣಿಗೆಯಲ್ಲಿ ಬಿದ್ದುಹೋಗಿವೆ. ಕರಡನ್ನು ತಿದ್ದಿಕೊಡಲು ನಾನು ಸಿದ್ಧನಿದ್ದೇನೆ.