ನಿವೃತ್ತ ಓಟಗಾರರು ತರಬೇತುದಾರರಾಗಲು: ಸಾಮಾನ್ಯ ಮಾಹಿತಿ

ಸ್ಪರ್ಧಾತ್ಮಕ ಓಟದಿಂದ ನಿವೃತ್ತರಾಗಿ ಅಥ್ಲೆಟಿಕ್ಸ್ ತರಬೇತುದಾರರಾಗಲು ಇಚ್ಛಿಸುವವರ ಗಮನಕ್ಕೆ.

ಪದಕ ಹಾಗೂ ಭಾಗವಹಿಸಿದ ಪ್ರಮಾಣಪತ್ರಗಳು ಕ್ರೀಡಾ ಸಾಧನೆಯ ದಾಖಲೆಗಳೇ ಹೊರತು ತರಬೇತಿ ನೀಡುವ ವಿದ್ಯಾರ್ಹತೆಯಲ್ಲ. ಸರ್ಕಾರಿ ತರಬೇತುದಾರ ಹುದ್ದೆಗಳಿಗೆ ಸಾಮಾನ್ಯವಾಗಿ 1961ರಲ್ಲಿ ಸ್ಥಾಪಿತವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಅಥವಾ ತತ್ಸಮಾನ ಅರ್ಹತೆಯನ್ನು ಕೋರಲಾಗುತ್ತದೆ. ಆರು ವಾರಗಳ ಪ್ರಮಾಣಪತ್ರ ಕೋರ್ಸು ಇದಕ್ಕೆ ಸಮನೆಂದು ಭಾವಿಸತಕ್ಕದ್ದಲ್ಲ.

ಉತ್ತಮ ಓಟಗಾರರಿಗೆ ಮತ್ತೆ ವ್ಯಾಸಂಗವೇಕೆಂಬ ಪ್ರಶ್ನೆ ಸಹಜ. ಓಟಗಾರರಿಗೆ ತಮ್ಮ ಶರೀರದ ಪರಿಚಯವಿರುತ್ತದೆ. ಹದಿಮೂರರ ಬಾಲಕಿಯ ಮೂಳೆಗಳು ಎಷ್ಟು ಶ್ರಮ ತಾಳಬಲ್ಲವೆಂಬುದು ಬೇರೆಯೇ ವಿಷಯ. ತಾವು ಉನ್ನತ ಮಟ್ಟದಲ್ಲಿ ಅನುಸರಿಸಿದ ಅಭ್ಯಾಸಕ್ರಮವನ್ನೇ ಮಕ್ಕಳಿಗೆ ವಿಧಿಸಿದಲ್ಲಿ ಕಾಲಿನ ಮೂಳೆಗಳಲ್ಲಿ ಸೂಕ್ಷ್ಮ ಬಿರುಕು ಉಂಟಾಗಬಹುದು. ಇಂತಹ ಮಗು ಹಲವು ವೇಳೆ ಓಟವನ್ನೇ ತೊರೆಯುತ್ತದೆ.

ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ್ದ ಅಥ್ಲೀಟ್ ಓ.ಎಂ. ನಂಬಿಯಾರ್ ಅವರು ಪಟಿಯಾಲದಲ್ಲಿ ತರಬೇತಿ ಪಡೆದು, ಪಿ.ಟಿ. ಉಷಾ ಅವರನ್ನು ರೂಪಿಸಿ, 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು. ಉಷಾ ಅವರು ನಿವೃತ್ತಿಯ ನಂತರ 2002ರಲ್ಲಿ ಕೇರಳದಲ್ಲಿ ತರಬೇತಿ ಶಾಲೆ ಆರಂಭಿಸಿದರು. ಅವರ ಶಿಷ್ಯೆ ಟಿಂಟು ಲೂಕಾ 2014ರ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಪದಕ ಗಳಿಸಿದರು.

ವಯೋಮಿತಿ, ಶುಲ್ಕ ಹಾಗೂ ಪ್ರವೇಶ ಪರೀಕ್ಷೆಯ ವಿವರಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ಪರಿಶೀಲಿಸಿ, ಕ್ರೀಡಾ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಮುಂಚಿತವಾಗಿ ಸಿದ್ಧವಿರಿಸಿಕೊಳ್ಳತಕ್ಕದ್ದು.