ವಲ್ಕನ್ ವಿಮಾನದ ಜೀರ್ಣೋದ್ಧಾರ

ನಮ್ಮ ದೇವಾಲಯಗಳ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ಗುಡಿಯನ್ನು ಕಟ್ಟಿಸಿದ ದಾನಿಯು ಅಷ್ಟಕ್ಕೇ ತೃಪ್ತನಾಗದೆ, ಮುಂದೆ ಗೋಡೆ ಬಿರಿದಾಗ, ಕಲ್ಲು ಒಡೆದಾಗ ಅದನ್ನು ಸರಿಪಡಿಸುವ ವೆಚ್ಚಕ್ಕೆಂದು ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುತ್ತಿದ್ದನು. ಕಟ್ಟುವ ಕೆಲಸಕ್ಕೆ ಮುಕ್ತಾಯವುಂಟು, ಕಾಪಾಡುವ ಕೆಲಸಕ್ಕೆ ಮುಕ್ತಾಯವಿಲ್ಲವೆಂಬುದನ್ನು ಆ ಹಿರಿಯರು ಅರಿತಿದ್ದರು. ನಿಂತಲ್ಲೇ ನಿಲ್ಲುವ ಕಲ್ಲಿನ ಗುಡಿಗೇ ಇಷ್ಟು ಎಚ್ಚರ ಬೇಕಾದರೆ, ಆಕಾಶದಲ್ಲಿ ಗಂಟೆಗೆ ನೂರಾರು ಮೈಲಿ ಸಾಗುವ ಲೋಹದ ಯಂತ್ರವನ್ನು ಕಾಪಾಡಲು ಎಷ್ಟು ಎಚ್ಚರ ಬೇಕಾದೀತು? ಇಂಗ್ಲೆಂಡಿನ ಜನರು ನಿವೃತ್ತವಾಗಿದ್ದ ಒಂದು ಜೆಟ್ ಬಾಂಬರು ವಿಮಾನವನ್ನು ಮತ್ತೆ ಹಾರಿಸಿ, ಎಂಟು ವರ್ಷಗಳ ತರುವಾಯ ಅದು ಸುಸ್ಥಿತಿಯಲ್ಲಿರುವಾಗಲೇ ನೆಲಕ್ಕಿಳಿಸಿದ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಬ್ರಿಟನ್ ದೇಶವು ಅಣುಬಾಂಬನ್ನು ಹೊತ್ತು ಬಹುದೂರ, ಬಹು ಎತ್ತರದಲ್ಲಿ ಸಾಗಬಲ್ಲ ಜೆಟ್ ವಿಮಾನಗಳನ್ನು ನಿರ್ಮಿಸಲು ಹೊರಟಿತು. ವೇಲಿಯಂಟ್, ವಿಕ್ಟರ್, ವಲ್ಕನ್ ಎಂಬ ಮೂರು ಬಗೆಯ ವಿಮಾನಗಳು ಹುಟ್ಟಿದುವು. ವಲ್ಕನ್ ವಿಮಾನವನ್ನು ರಚಿಸಿದುದು ಆವ್ರೋ ಎಂಬ ಸಂಸ್ಥೆ. ಯುದ್ಧಕಾಲದಲ್ಲಿ ಲ್ಯಾಂಕಾಸ್ಟರ್ ವಿಮಾನವನ್ನು ರಚಿಸಿ ಪ್ರಸಿದ್ಧನಾಗಿದ್ದ ರಾಯ್ ಚಾಡ್ವಿಕ್ ಎಂಬ ಶಿಲ್ಪಿಯು ಇದರ ತ್ರಿಕೋನಾಕಾರದ ರೆಕ್ಕೆಯ ಕಲ್ಪನೆಗೆ ರೂಪು ಕೊಟ್ಟನು. ಆದರೆ ಅದು ಹಾರುವುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1947ರ ಆಗಸ್ಟ್ 23ರಂದು ಬೇರೊಂದು ವಿಮಾನದ ಪರೀಕ್ಷಾ ಹಾರಾಟದಲ್ಲಿ ಅವನು ಮಡಿದನು. ದುರಸ್ತಿಯ ವೇಳೆ ರೆಕ್ಕೆಯಂಚಿನ ಚಲಿಸುವ ಪಟ್ಟಿಗಳ ನಿಯಂತ್ರಣವನ್ನು ತಿರುವುಮುರುವಾಗಿ ಜೋಡಿಸಿದ್ದುದೇ ಆ ದುರಂತಕ್ಕೆ ಕಾರಣ. ಯಂತ್ರದ ರಚನೆಯಷ್ಟೇ ಅದರ ಪಾಲನೆಯೂ ಜೀವನ್ಮರಣದ ವಿಷಯವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಮೊದಲ ವಲ್ಕನ್ 1952ರ ಆಗಸ್ಟ್ 30ರಂದು ಹಾರಿತು. ಮುಂದೆ ಸುಧಾರಿಸಿದ ಎರಡನೆಯ ಮಾದರಿಯು ಬಂದಿತು. ಅದರ ರೆಕ್ಕೆಗಳ ಹರವು 111 ಅಡಿ. ನಾಲ್ಕು ಒಲಿಂಪಸ್ ಇಂಜಿನುಗಳು ರೆಕ್ಕೆಯ ಬುಡದೊಳಗೇ ಅಡಗಿದ್ದುವು. ಇದೇ ಒಲಿಂಪಸ್ ವಂಶದ ಇಂಜಿನೇ ಮುಂದೆ ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಸಾಗಿಸಿದ ಕಾಂಕಾರ್ಡ್ ವಿಮಾನವನ್ನೂ ನಡೆಸಿತು. ಮೂಲಮಾದರಿಗಳೂ ಸೇರಿ ಒಟ್ಟು 136 ವಲ್ಕನ್‌ಗಳು ತಯಾರಾದುವು. ನಮ್ಮ ಕಥಾನಾಯಕನಾದ ‘ಎಕ್ಸ್‌ಎಚ್ 558’ ಎಂಬ ಸಂಖ್ಯೆಯ ವಿಮಾನವು 1960ರ ಮೇ 25ರಂದು ಮೊದಲು ಹಾರಿ, ಜುಲೈ 1ರಂದು ರಾಯಲ್ ವಾಯುದಳವನ್ನು ಸೇರಿತು. ಎರಡನೆಯ ಮಾದರಿಯಲ್ಲಿ ದಳವನ್ನು ಸೇರಿದ ಮೊದಲ ವಿಮಾನವೇ ಇದು.

ಇದರ ಹುಟ್ಟಿನ ಉದ್ದೇಶವನ್ನು ನಾವು ಮರೆಮಾಚಬಾರದು. ಅಣುಸ್ಫೋಟದ ಝಳವನ್ನು ತಡೆಯಲೆಂದು ಈ ವಿಮಾನಗಳಿಗೆ ಬೆಳ್ಳನೆಯ ಬಣ್ಣ ಬಳಿದಿದ್ದರು. ಆಜ್ಞೆ ಬಂದ ಕೆಲವೇ ನಿಮಿಷಗಳಲ್ಲಿ ಮೇಲೇರಲು ಚಾಲಕರು ಹಗಲಿರುಳೂ ಸಿದ್ಧರಾಗಿರುತ್ತಿದ್ದರು. ಅಪಾಯ ಬಂದಾಗ ಹೊರಕ್ಕೆ ಚಿಮ್ಮುವ ಆಸನಗಳಿದ್ದುದು ಇಬ್ಬರು ಚಾಲಕರಿಗೆ ಮಾತ್ರ. ಹಿಂದೆ ಕುಳಿತ ಮೂವರಿಗೆ ಆ ಅನುಕೂಲವಿರಲಿಲ್ಲ. ಪುಣ್ಯವಶಾತ್ ಆ ಭಯಂಕರ ಆಜ್ಞೆ ಎಂದೂ ಬರಲಿಲ್ಲ. 1969ರಲ್ಲಿ ಅಣ್ವಸ್ತ್ರದ ಮುಖ್ಯ ಹೊಣೆಯು ಜಲಾಂತರ್ಗಾಮಿಗಳಿಗೆ ಹೋಯಿತು. ವಲ್ಕನ್ ನಿಜವಾದ ಯುದ್ಧವನ್ನು ಕಂಡುದು 1982ರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದಾಗ. ಫಾಕ್‌ಲೆಂಡ್ ದ್ವೀಪಗಳ ಯುದ್ಧದಲ್ಲಿ ಮಾರ್ಟಿನ್ ವಿದರ್ಸ್ ಎಂಬ ಚಾಲಕನು ಇನ್ನೊಂದು ವಲ್ಕನ್ನನ್ನು ಅಸೆನ್ಷನ್ ದ್ವೀಪದಿಂದ ಸುಮಾರು 16 ಗಂಟೆಗಳ ಕಾಲ ಹಾರಿಸಿ, 21 ಬಾಂಬುಗಳನ್ನು ಕೆಡವಿ ಹಿಂದಿರುಗಿದನು. ಅವುಗಳಲ್ಲಿ ಒಂದು ಸ್ಟ್ಯಾನ್ಲಿಯ ಓಡುದಾರಿಯ ಮೇಲೆ ಬಿದ್ದಿತು. ಆ ಒಂದೇ ಪ್ರಯಾಣಕ್ಕೆ ಇಂಧನವನ್ನು ಒದಗಿಸಲು ಹನ್ನೊಂದು ವಿಕ್ಟರ್ ವಿಮಾನಗಳು ಬೇಕಾದುವು. ಆಕಾಶದಲ್ಲಿ ಇಂಧನ ಪಡೆಯುವ ಕೊಳವೆಗಳು ಸಾಲದೆ, ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಿಸಿದ್ದ ವಲ್ಕನ್‌ಗಳಿಂದಲೂ ಅವನ್ನು ಬಿಚ್ಚಿ ತರಬೇಕಾಯಿತು.

1984ರಲ್ಲಿ ಕೊನೆಯ ವಲ್ಕನ್ ತುಕಡಿಯು ವಿಸರ್ಜಿತವಾಯಿತು. ಎಕ್ಸ್‌ಎಚ್ 558 ವಿಮಾನವನ್ನು ವಾಯುದಳವು ಪ್ರದರ್ಶನಕ್ಕೆಂದು ಉಳಿಸಿಕೊಂಡಿತು. ವೆಚ್ಚದ ಕಾರಣದಿಂದ 1992ರಲ್ಲಿ ಅದೂ ನಿಂತಿತು. 1993ರ ಮಾರ್ಚ್ 23ರಂದು ಅದು ಲೆಸ್ಟರ್‌ಷೈರಿನ ಬ್ರಂಟಿಂಗ್‌ಥಾರ್ಪ್ ಎಂಬಲ್ಲಿಗೆ ಹಾರಿಬಂದು, ತನ್ನನ್ನು ಕೊಂಡ ಖಾಸಗಿ ಒಡೆಯರ ವಶವಾಯಿತು. ಆ ಒಡೆಯರು ದೂರದೃಷ್ಟಿಯುಳ್ಳವರು. ವಿಮಾನದೊಡನೆ ಬಿಡಿಭಾಗಗಳ ದೊಡ್ಡ ರಾಶಿಯನ್ನೂ, ಹೊಸದರಂತೆ ಸಜ್ಜುಗೊಳಿಸಿದ ಎಂಟು ಇಂಜಿನುಗಳನ್ನೂ ಕೊಂಡು ಜೋಪಾನವಾಗಿಟ್ಟರು. ಅವು ಗುಜರಿಗೆ ಹೋಗಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಇದನ್ನು ಮತ್ತೆ ಹಾರಿಸಬೇಕೆಂಬ ಸಂಕಲ್ಪವನ್ನು ಹೊತ್ತವರು ಡಾಕ್ಟರ್ ರಾಬರ್ಟ್ ಪ್ಲೆಮಿಂಗ್. ಅವರೂ ಅವರ ಸಂಗಡಿಗರೂ ಸೇರಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ಇಂಥ ಕಾರ್ಯದಲ್ಲಿ ಎದುರಾಗುವ ತೊಡಕುಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದು ಲೋಹದ ಬಳಲಿಕೆ. ತಂತಿಯೊಂದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುವಂತೆ, ಪ್ರತಿಯೊಂದು ಹಾರಾಟದಲ್ಲಿಯೂ ರೆಕ್ಕೆಯ ಲೋಹವು ಸ್ವಲ್ಪಸ್ವಲ್ಪ ಸವೆಯುತ್ತದೆ. ಬಿರುಕು ಕಣ್ಣಿಗೆ ಕಾಣುವ ಮೊದಲೇ ಒಳಗೆ ಹುಟ್ಟಿರಬಹುದು. ಎರಡನೆಯದು ತುಕ್ಕು. ಮೂರನೆಯದು ರಬ್ಬರು, ವಿದ್ಯುತ್ ತಂತಿ ಮೊದಲಾದುವುಗಳು ಸುಮ್ಮನೆ ನಿಂತಲ್ಲೇ ಮುಪ್ಪಾಗುವುದು. ನಾಲ್ಕನೆಯದೇ ಎಲ್ಲಕ್ಕಿಂತ ಕಠಿನವಾದುದು. ‘ಈ ವಿಮಾನವು ಹಾರಲು ಯೋಗ್ಯವಾಗಿದೆ’ ಎಂದು ಸಹಿ ಹಾಕುವವರು ಯಾರು?

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನಿಯಮದಂತೆ, ವಲ್ಕನ್ನಿನಂಥ ಜಟಿಲವಾದ ಮಾಜಿ ಸೈನಿಕ ವಿಮಾನವು ಹಾರಬೇಕಾದರೆ, ಅದರ ರಚನೆಯನ್ನು ಬಲ್ಲ ಸಂಸ್ಥೆಗಳು ಬೆನ್ನಿಗೆ ನಿಲ್ಲಬೇಕು. ಆವ್ರೋ ಎಂಬ ಹೆಸರು ಅಷ್ಟರಲ್ಲಿ ಮರೆಯಾಗಿದ್ದಿತು. ಅದು ಹಾಕರ್ ಸಿಡ್ಲಿಯಲ್ಲಿಯೂ, ಅದು ಬ್ರಿಟಿಷ್ ಏರೋಸ್ಪೇಸ್‌ನಲ್ಲಿಯೂ ಲೀನವಾಗಿ, ಕಡೆಗೆ ಬಿಎಇ ಸಿಸ್ಟಮ್ಸ್ ಆಗಿ ಪರಿಣಮಿಸಿದ್ದಿತು. ಇಂಜಿನಿನ ಪರಂಪರೆಯು ಬ್ರಿಸ್ಟಲ್‌ನಿಂದ ರೋಲ್ಸ್ ರಾಯ್ಸ್‌ಗೆ ಬಂದಿದ್ದಿತು. ಈ ಎರಡು ಸಂಸ್ಥೆಗಳೂ, ಕೇಂಬ್ರಿಜ್ಜಿನ ಮಾರ್ಷಲ್ ಸಂಸ್ಥೆಯೂ ತಾಂತ್ರಿಕ ಹೊಣೆಯನ್ನು ಹಂಚಿಕೊಂಡುವು. ಹಳೆಯ ನಕ್ಷೆಗಳೂ ದುರಸ್ತಿಯ ದಾಖಲೆಗಳೂ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ಕಾಗದವಿಲ್ಲದ ಯಂತ್ರವು ಕೇವಲ ಲೋಹದ ಗುಡ್ಡೆ.

ಹಣದ ಕಥೆಯೂ ಸುಲಭವಾದುದಲ್ಲ. ಪರಂಪರೆಯ ರಕ್ಷಣೆಗಾಗಿ ಲಾಟರಿಯ ಹಣವನ್ನು ಹಂಚುವ ರಾಷ್ಟ್ರೀಯ ನಿಧಿಯು ಮೊದಲ ಅರ್ಜಿಯನ್ನು ಒಪ್ಪಲಿಲ್ಲ. ಮತ್ತೆ ಪ್ರಯತ್ನಿಸಿದ ಮೇಲೆ ಸುಮಾರು 27 ಲಕ್ಷ ಪೌಂಡುಗಳ ಅನುದಾನ ದೊರೆಯಿತು. 2005ರಲ್ಲಿ ಕೆಲಸ ಮೊದಲಾಯಿತು. ವಿಮಾನವನ್ನು ಬಿಚ್ಚಿ, ಭಾಗಭಾಗವಾಗಿ ಪರೀಕ್ಷಿಸಿ, ಕೆಟ್ಟುದನ್ನು ತೆಗೆದು ಜೋಡಿಸಿದರು. 2006ರಲ್ಲಿ ಹಣ ಮುಗಿದು ಕೆಲಸವೇ ನಿಲ್ಲುವ ಸ್ಥಿತಿ ಬಂದಿತು. ಆಗ ಸರ್ ಜಾಕ್ ಹೇವರ್ಡ್ ಎಂಬ ಶ್ರೀಮಂತರು 5 ಲಕ್ಷ ಪೌಂಡುಗಳನ್ನು ಕೊಟ್ಟರು. ಉಳಿದುದನ್ನು ಸಾಮಾನ್ಯ ಜನರು ಕೂಡಿಸಿದರು. ಹಾರುವ ಹೊತ್ತಿಗೆ ತಗುಲಿದ ವೆಚ್ಚ ಸುಮಾರು 70 ಲಕ್ಷ ಪೌಂಡು.

2007ರ ಅಕ್ಟೋಬರ್ 18ರಂದು, ಹದಿನಾಲ್ಕೂವರೆ ವರ್ಷಗಳ ಮೌನದ ತರುವಾಯ, ವಲ್ಕನ್ ಮತ್ತೆ ಮೇಲೇರಿತು. ಆ ಹಾರಾಟವು 34 ನಿಮಿಷಗಳದು. 2008ರ ಜುಲೈಯಲ್ಲಿ ಹಾರಾಟದ ಅನುಮತಿಪತ್ರ ದೊರೆತು, ಅದು ಜನರ ಮುಂದೆ ಪ್ರದರ್ಶನ ನೀಡತೊಡಗಿತು. ಫಾಕ್‌ಲೆಂಡಿಗೆ ಹೋಗಿದ್ದ ವಿದರ್ಸ್ ಅವರೇ ಮುಂದೆ ಇದರ ಮುಖ್ಯ ಚಾಲಕರಾದರು. ಒಂದು ಕಾಲಕ್ಕೆ ವಿನಾಶದ ವಾಹನವಾಗಿದ್ದುದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನರು ಹೊಲದ ಬದಿಗಳಲ್ಲಿ ಕಾದು ನಿಂತರು.

ಕಾಪಾಡುವವರ ಎಚ್ಚರವೂ ಒಮ್ಮೆ ತಪ್ಪಿತು. 2012ರ ಮೇ 28ರಂದು ಡಾಂಕಾಸ್ಟರ್ ವಿಮಾನ ನಿಲ್ದಾಣದಲ್ಲಿ, ತೇವವನ್ನು ಹೀರಲೆಂದು ಗಾಳಿಯ ಬಾಯಿಯೊಳಗೆ ಇರಿಸಿದ್ದ ಸಿಲಿಕಾ ಚೀಲಗಳನ್ನು ತೆಗೆಯದೆಯೇ ಇಂಜಿನುಗಳಿಗೆ ಪೂರ್ಣ ಶಕ್ತಿ ಕೊಟ್ಟರು. ಚೀಲಗಳು ಒಳಸೇರಿ ಎರಡು ಇಂಜಿನುಗಳು ಹಾಳಾದುವು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಇಂಜಿನುಗಳನ್ನು ಮತ್ತೆ ತಯಾರಿಸುವ ಕಾರ್ಖಾನೆ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಯಂತ್ರವನ್ನು ತುಕ್ಕಿನಿಂದ ರಕ್ಷಿಸಲು ಇಟ್ಟ ವಸ್ತುವೇ ಅದರ ಅಮೂಲ್ಯ ಆಯುಷ್ಯವನ್ನು ಕಳೆಯಿತು.

2013-14ರ ಚಳಿಗಾಲದಲ್ಲಿ ರೆಕ್ಕೆಗಳನ್ನು ಬಲಪಡಿಸಿ ಇನ್ನೆರಡು ವರ್ಷ ಹಾರುವಂತೆ ಮಾಡಿದರು. ಆದರೆ 2015ರಲ್ಲಿ ಮೂರು ಸಂಸ್ಥೆಗಳೂ ಆ ವರ್ಷದ ಕೊನೆಗೆ ತಮ್ಮ ಹೊಣೆಯನ್ನು ಮುಗಿಸುವುದಾಗಿ ತಿಳಿಸಿದುವು. ವಿಮಾನವು ಅಂದು ಅಸುರಕ್ಷಿತವಾಗಿದ್ದಿತೆಂದಲ್ಲ. ಬೇರಾವ ವಲ್ಕನ್ನೂ ಹಾರದಷ್ಟು ಗಂಟೆಗಳನ್ನು ಇದು ಹಾರಿದ್ದುದರಿಂದ, ದೋಷವು ಎಲ್ಲಿ ತಲೆದೋರೀತೆಂದು ಹೇಳಲು ಹಿಂದಿನ ಅನುಭವವು ನೆರವಾಗುವಂತಿರಲಿಲ್ಲ. ಈ ಯಂತ್ರವನ್ನು ಕೈಯಾರೆ ಬಲ್ಲ ಕುಶಲಿಗಳೂ ವೃದ್ಧರಾಗಿ ಕೆಲಸದಿಂದ ಸರಿಯುತ್ತಿದ್ದರು. 2015ರ ಅಕ್ಟೋಬರ್ 28ರಂದು ಎಕ್ಸ್‌ಎಚ್ 558 ಕೊನೆಯ ಬಾರಿ ಹಾರಿ ಡಾಂಕಾಸ್ಟರ್‌ನಲ್ಲಿ ಇಳಿಯಿತು. 2021ರಲ್ಲಿ ಪ್ಲೆಮಿಂಗ್ ತೀರಿಕೊಂಡರು. 2022ರಲ್ಲಿ ಆ ನಿಲ್ದಾಣವೇ ಮುಚ್ಚಿತು.

ಈ ನಿರ್ಧಾರವು ಹೇಡಿತನವಾಗಿದ್ದಿತೆ? ಅದೇ ವರ್ಷದ ಆಗಸ್ಟ್ 22ರಂದು ಶೋರಂ ಎಂಬಲ್ಲಿ ಹಾಕರ್ ಹಂಟರ್ ಎಂಬ ಹಳೆಯ ಜೆಟ್ ವಿಮಾನವೊಂದು ಪ್ರದರ್ಶನದ ವೇಳೆ ಹೆದ್ದಾರಿಯ ಮೇಲೆ ಬಿದ್ದು 11 ಜನರು ಮಡಿದುದನ್ನು ನೆನೆಯಬೇಕು. ಲಾಗ ಹಾಕುವಾಗ ಅದು ಸಾಕಷ್ಟು ವೇಗವನ್ನೂ ಎತ್ತರವನ್ನೂ ಪಡೆದಿರಲಿಲ್ಲವೆಂದು ತನಿಖೆಯಿಂದ ತಿಳಿಯಿತು. ಅಲ್ಲಿಂದ ಮುಂದೆ ನಿಯಮಗಳು ಬಿಗಿಯಾದುವು. 2017ರ ಮೇಯಲ್ಲಿ ಸೀ ವಿಕ್ಸನ್ ಎಂಬ ನೌಕಾದಳದ ಹಳೆಯ ಜೆಟ್ಟು ಗಾಲಿಗಳು ಹೊರಬಾರದೆ ಯೋವಿಲ್ಟನ್‌ನಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಚಾಲಕನು ಕ್ಷೇಮವಾಗಿ ಹೊರಬಂದನು. ವಿಮಾನದ ಹಾರಾಟವು ಅಲ್ಲಿಗೆ ನಿಂತಿತು. ಗತಕಾಲದ ಮೇಲಣ ಪ್ರೀತಿಯು ದಾರಿಹೋಕನ ಪ್ರಾಣವನ್ನು ಪಣಕ್ಕೊಡ್ಡುವ ಅಧಿಕಾರವನ್ನು ಕೊಡುವುದಿಲ್ಲ.

ಹಾಗಾದರೆ ಇಂಥ ವಿಮಾನಗಳನ್ನು ಮೊದಲೇ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದರೆ ಸಾಲದಾಗಿದ್ದಿತೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ನಿಂತ ವಿಮಾನವು ಆಕಾರವನ್ನು ಉಳಿಸುತ್ತದೆ, ಹಾರಿದ ವಿಮಾನವು ಸವೆಯುತ್ತದೆ. ಆದರೂ ಹಾರಿಸಬೇಕೆಂದು ಹೊರಟುದರಿಂದಲೇ ಹಳೆಯ ನಕ್ಷೆಗಳು ಬೆಳಕಿಗೆ ಬಂದುವು. ನಿವೃತ್ತರಾದ ಕುಶಲಿಗಳು ಕಿರಿಯರ ಪಕ್ಕದಲ್ಲಿ ನಿಂತು ಕೈಗೆಲಸವನ್ನು ಕಲಿಸಿದರು. ಗಾಜಿನ ಹಿಂದಿರುವ ವೀಣೆಯಿಂದ ಮರದ ಬಗೆಯನ್ನು ತಿಳಿಯಬಹುದು, ರಾಗವನ್ನು ತಿಳಿಯಲಾಗದು. ಈ ಎರಡು ಮಾರ್ಗಗಳ ನಡುವೆ ಮೂರನೆಯದೂ ಒಂದುಂಟು. ವೆಲ್ಸ್‌ಬೋರ್ನ್ ಮತ್ತು ಸೌತೆಂಡ್‌ಗಳಲ್ಲಿರುವ ಎರಡು ವಲ್ಕನ್‌ಗಳನ್ನು ಸ್ವಯಂಸೇವಕರು ಇಂಜಿನು ನಡೆಸಿ ನೆಲದ ಮೇಲೆ ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡು ಬಂದರು.

ಈ ಬ್ರಿಟಿಷ್ ಜೆಟ್ಟುಗಳು ನಮ್ಮ ದೇಶಕ್ಕೆ ತೀರ ಅಪರಿಚಿತವಾದುವಲ್ಲ. ವಲ್ಕನ್ನಿಗಿಂತ ಸ್ವಲ್ಪ ಮೊದಲೇ ಹುಟ್ಟಿದ ಕ್ಯಾನ್‌ಬೆರಾ ಬಾಂಬರು ಭಾರತೀಯ ವಾಯುದಳದಲ್ಲಿ 1957ರಿಂದ 2007ರವರೆಗೆ ಐವತ್ತು ವರ್ಷ ದುಡಿಯಿತು. ಬ್ರಿಟನ್ನಿನಲ್ಲಿ ರಚಿತವಾದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನವನ್ನು ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಿಸಿದರು. ಅದು 1965ರ ಯುದ್ಧದಲ್ಲಿ ಹೆಸರು ಗಳಿಸಿತು. ಅವುಗಳನ್ನು ಸುಸ್ಥಿತಿಯಲ್ಲಿ ಇಟ್ಟವರು ಕಾರ್ಖಾನೆಗಳ, ದುರಸ್ತಿ ಶಾಲೆಗಳ ಹೆಸರಿಲ್ಲದ ಕೆಲಸಗಾರರು. ಅವರ ಕೈಯಲ್ಲಿದ್ದ ವಿದ್ಯೆಯು ಪುಸ್ತಕಗಳಲ್ಲಿ ಅಲ್ಪಭಾಗ ಮಾತ್ರ ಉಳಿಯುತ್ತದೆ.

ವಲ್ಕನ್ನಿನ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇದನ್ನೇ. ಅದನ್ನು ನೆಲಕ್ಕಿಳಿಸಿದುದು ಮುರಿದ ರೆಕ್ಕೆಯಲ್ಲ, ಬರಿದಾದ ಬೊಕ್ಕಸವೂ ಅಲ್ಲ; ಅದನ್ನು ಬಲ್ಲವರ ಸಂಖ್ಯೆ ಕ್ಷೀಣಿಸಿದುದು, ಬಲ್ಲೆವೆಂದು ಹೊಣೆ ಹೊರುವವರು ಇಲ್ಲವಾದುದು. ನಮ್ಮ ಪೂರ್ವಜರು ಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟರು. ಆದರೆ ಕಲ್ಲನ್ನು ಕಡೆಯಬಲ್ಲ ಶಿಲ್ಪಿಯ ಮಗನು ಉಳಿ ಹಿಡಿಯದೆ ಹೋದರೆ ಆ ಭೂಮಿಯ ಆದಾಯದಿಂದ ಏನು ಪ್ರಯೋಜನ? ಅಧ್ಯಾಪಕರು ತಮ್ಮ ಊರಿನ ಗಾಣ, ಮಗ್ಗ, ಕುಲುಮೆ, ಮುದ್ರಣಯಂತ್ರ, ಯಾವುದಾದರೂ ಒಂದರ ಬಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಅದನ್ನು ಬಲ್ಲ ಹಿರಿಯರ ಬಾಯಿಂದ ಅದರ ಕೆಲಸವನ್ನು ಬರೆಯಿಸಿಕೊಳ್ಳಲಿ. ಆ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.